ಕತೆಯನ್ನು ಬಿಚ್ಚಿ ಓದುವ ಬಗೆ: ಶ್ರೇಷ್ಠ ಲೇಖಕರಿಂದ ಕತೆಗಾರಿಕೆ ಕಲಿಯಲು ಒಂದು ಸಮಗ್ರ ಮಾರ್ಗದರ್ಶಿ

1873ರ ಮಾರ್ಚ್ ತಿಂಗಳಲ್ಲಿ ರಷ್ಯದ ಕಾದಂಬರಿಕಾರ ಟಾಲ್‌ಸ್ಟಾಯ್ ತನಗಿಂತ ಹಿಂದಿನ ತಲೆಮಾರಿನ ಲೇಖಕ ಪುಷ್ಕಿನ್ನನ ಗದ್ಯ ಸಂಪುಟವೊಂದನ್ನು ಮತ್ತೆ ಕೈಗೆತ್ತಿಕೊಂಡ. ಅದರಲ್ಲಿ ಪೂರ್ತಿಯಾಗದ ಒಂದು ತುಣುಕಿತ್ತು. ಅತಿಥಿಗಳು ಬೇಸಿಗೆಮನೆಗೆ ಬಂದು ಸೇರುತ್ತಿದ್ದಾರೆ ಎಂಬಲ್ಲಿಂದ ಅದು ಶುರುವಾಗುತ್ತದೆ. ಪೀಠಿಕೆಯಿಲ್ಲ, ಮನೆಯ ವರ್ಣನೆಯಿಲ್ಲ, ಯಾರ ವಂಶಾವಳಿಯೂ ಇಲ್ಲ. ಟಾಲ್‌ಸ್ಟಾಯ್‌ಗೆ ಆಗ 44 ವರ್ಷ. ‘ಯುದ್ಧ ಮತ್ತು ಶಾಂತಿ’ ಬರೆದು ಮುಗಿಸಿ ಹೆಸರಾಗಿದ್ದವನು. ಆದರೂ ಆ ತುಣುಕನ್ನು ಓದಿ, ಕತೆಯನ್ನು ಶುರುಮಾಡಬೇಕಾದದ್ದು ಹೀಗೆ ಎಂದು ಬೆರಗಾಗಿ ಬರೆಯಲು ಕುಳಿತ. ಆ ಬರವಣಿಗೆಯೇ ಬೆಳೆದು ‘ಅನ್ನಾ ಕರೆನಿನಾ’ ಆಯಿತು. ಅವನು ಪುಷ್ಕಿನ್ನನ ಪಾತ್ರಗಳನ್ನಾಗಲಿ ವಾಕ್ಯಗಳನ್ನಾಗಲಿ ಎತ್ತಿಕೊಳ್ಳಲಿಲ್ಲ. ಕತೆಯೊಳಕ್ಕೆ ಯಾವ ಬಾಗಿಲಿನಿಂದ ಕಾಲಿಡಬೇಕು ಎಂಬ ಒಂದು ತೀರ್ಮಾನವನ್ನು ಎತ್ತಿಕೊಂಡ. ಅಚ್ಚಾದ ಕಾದಂಬರಿ ಅತಿಥಿಗಳು ಸೇರುವ ದೃಶ್ಯದಿಂದ ಶುರುವಾಗುವುದೂ ಇಲ್ಲ. ತಿದ್ದುತ್ತ ಹೋದಂತೆ ಆ ಬಾಗಿಲೂ ಬದಲಾಯಿತು.

ಹಳೆಯ ಲೇಖಕರಿಂದ ಕಲಿಯುವುದೆಂದರೆ ಅವರು ಮಾಡಿದ ಇಂಥ ತೀರ್ಮಾನಗಳನ್ನು ಒಂದೊಂದಾಗಿ ಪತ್ತೆಹಚ್ಚುವುದು. ಕತೆ ಬರೆಯಬೇಕೆನ್ನುವವರಿಗೆ ಎಲ್ಲರೂ ಕೊಡುವ ಉಪದೇಶ ‘ಚೆನ್ನಾಗಿ ಓದಿ’ ಎಂಬುದು. ಉಪದೇಶ ತಪ್ಪಲ್ಲ, ಆದರೆ ಸಾಲದು. ನೂರಾರು ಕಾದಂಬರಿ ಓದಿಯೂ ಒಂದು ದೃಶ್ಯವನ್ನು ನೆಟ್ಟಗೆ ಬರೆಯಲಾಗದವರು ಬೇಕಾದಷ್ಟು ಮಂದಿ ಇದ್ದಾರೆ. ಓದಿನ ಸುಖವೇ ಇಲ್ಲಿ ಅಡ್ಡಿ. ಒಳ್ಳೆಯ ಕತೆ ತನ್ನ ಕಸುಬನ್ನು ಕಾಣದಂತೆ ಅಡಗಿಸಿಟ್ಟಿರುತ್ತದೆ. ಅದನ್ನು ಹೊರಗೆಳೆಯಲು ಪೆನ್ಸಿಲ್ ಬೇಕು, ನೋಟ್‌ಬುಕ್ ಬೇಕು, ಮೆಚ್ಚಿದ ಪುಸ್ತಕದ ಮೇಲೆ ಗೀಟು ಹಾಕುವಷ್ಟು ಒರಟುತನವೂ ಬೇಕು.

ಒಬ್ಬನೇ ಲೇಖಕ, ಮೂರೇ ಕತೆ

ಶ್ರೇಷ್ಠ ಕೃತಿಗಳ ದೊಡ್ಡ ಪಟ್ಟಿ ಹಿಡಿದು ಹೊರಡಬೇಡಿ. ಒಬ್ಬ ಲೇಖಕ, ಅವನ ಮೂರು ಸಣ್ಣಕತೆಗಳು, ಎರಡು ಮೂರು ತಿಂಗಳು: ಆರಂಭಕ್ಕೆ ಇಷ್ಟು ಸಾಕು. ಕಾದಂಬರಿಯನ್ನು ಮೊದಲಿಗೇ ಹಿಡಿದರೆ ಅದರ ಗಾತ್ರವೇ ನಿಮ್ಮನ್ನು ಸೋಲಿಸುತ್ತದೆ. ಸಣ್ಣಕತೆಯಾದರೆ ಇಡಿಯಾಗಿ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದು.

ಆಯ್ಕೆಗೆ ಗೌರವವನ್ನು ಮಾನದಂಡ ಮಾಡಿಕೊಳ್ಳಬೇಡಿ, ಹೊಟ್ಟೆಕಿಚ್ಚನ್ನು ಮಾಡಿಕೊಳ್ಳಿ. ಯಾವ ಕತೆ ಮುಗಿದ ಮೇಲೆ ‘ಇದನ್ನು ಹೇಗೆ ಮಾಡಿದ?’ ಎಂದು ಪುಟ ಹಿಂದಕ್ಕೆ ತಿರುಗಿಸಿದ್ದಿರೋ ಅದನ್ನು ಆರಿಸಿ. ವಿಮರ್ಶಕರು ಎಷ್ಟೇ ಹೊಗಳಿದ್ದರೂ ನಿಮ್ಮನ್ನು ಅಲುಗಿಸದ ಕತೆಯಿಂದ ಈ ಹಂತದಲ್ಲಿ ನಿಮಗೆ ಏನೂ ಸಿಗುವುದಿಲ್ಲ. ಅದರ ಸರದಿ ಮುಂದೆ ಬರಬಹುದು.

ಅನುವಾದದ ಪ್ರಶ್ನೆಯನ್ನು ಇಲ್ಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ರಷ್ಯನ್ ಅಥವಾ ಫ್ರೆಂಚ್ ಕತೆಯನ್ನು ಅನುವಾದದಲ್ಲಿ ಓದಿದರೆ ದೃಶ್ಯಗಳ ಜೋಡಣೆ, ಕಾಲದ ಹಂಚಿಕೆ, ದೃಷ್ಟಿಕೋನ, ಹೇಳದೆ ಬಿಟ್ಟದ್ದು ಇವನ್ನೆಲ್ಲ ಧಾರಾಳವಾಗಿ ಕಲಿಯಬಹುದು. ವಾಕ್ಯದ ಉದ್ದ, ನಾದ, ಲಯ ಇವು ಬಹುಮಟ್ಟಿಗೆ ಅನುವಾದಕನವು. ಎರಡು ಅನುವಾದ ಸಿಕ್ಕರೆ ಒಂದೇ ಪ್ಯಾರಾವನ್ನು ಅಕ್ಕಪಕ್ಕ ಇಟ್ಟು ನೋಡಿ: ಎರಡರಲ್ಲೂ ಉಳಿದುಕೊಂಡಿರುವುದನ್ನು ಮೂಲ ಲೇಖಕನದೆಂದು ನಂಬಬಹುದು. ವಾಕ್ಯದ ಪಾಠಕ್ಕೆ ಮಾತ್ರ ನೇರವಾಗಿ ಕನ್ನಡದವರ ಬಳಿಗೇ ಹೋಗಬೇಕು.

ಮೂರು ಓದು

ಮೊದಲ ಓದಿಗೆ ಪೆನ್ಸಿಲ್ ಬೇಡ. ಒಂದೇ ಸಲಕ್ಕೆ ಕುಳಿತು ಮುಗಿಸಿ, ಪುಸ್ತಕ ಮುಚ್ಚಿ, ನೆನಪಿನಲ್ಲಿ ಉಳಿದದ್ದನ್ನು ಒಂದು ಪುಟದಲ್ಲಿ ಬರೆದಿಡಿ. ಈ ಪುಟವನ್ನು ಕಳೆದುಕೊಳ್ಳಬೇಡಿ. ಲೇಖಕನ ಕೈ ಎಲ್ಲಿ ತಾಗಿತು ಎಂಬುದಕ್ಕೆ ನಿಮ್ಮ ಬಳಿ ಇರುವ ಸಾಕ್ಷಿ ಇದೊಂದೇ. ಎರಡನೆಯ ಓದಿನಲ್ಲಿ ಅಂಚಿನಲ್ಲಿ ಗುರುತು ಹಾಕುತ್ತ ಹೋಗಿ: ಕಣ್ಣೆದುರು ನಡೆಯುವುದು ಎಲ್ಲಿ, ‘ಹೀಗೆ ಕೆಲವು ವರ್ಷ ಕಳೆದವು’ ಎಂದು ಹೇಳಿ ದಾಟಿಸುವುದು ಎಲ್ಲಿ, ಕತೆ ನಿಂತು ಯೋಚನೆ ಶುರುವಾಗುವುದು ಎಲ್ಲಿ.

ಮೂರನೆಯ ಓದನ್ನು ಕೊನೆಯಿಂದ ಮೊದಲಿಗೆ ಮಾಡಿ. ಕೊನೆಯ ದೃಶ್ಯವನ್ನು ಓದಿ, ಅದು ಫಲಿಸಲು ಏನೇನು ಮುಂಚೆಯೇ ಬಂದಿರಬೇಕಿತ್ತು ಎಂದು ಕೇಳಿಕೊಳ್ಳಿ. ಆಮೇಲೆ ಹಿಂದಕ್ಕೆ ಸರಿಯುತ್ತ ಅವನ್ನು ಲೇಖಕ ಎಲ್ಲೆಲ್ಲಿ, ಎಷ್ಟು ಸಹಜವಾಗಿ ಇಟ್ಟುಹೋಗಿದ್ದಾನೆ ಎಂದು ಹುಡುಕಿ. ಮುಖ್ಯವಾದದ್ದನ್ನು ವಾಕ್ಯದ ನಡುವೆ, ಬೇರೇನನ್ನೋ ಹೇಳುವ ನೆಪದಲ್ಲಿ ಹೇಳಿಬಿಡುವ ಜಾಣ್ಮೆ ಈ ತಿರುಗು ಓದಿನಲ್ಲೇ ಚೆನ್ನಾಗಿ ಕಾಣುವುದು.

ಕಾಲದ ಲೆಕ್ಕ

ಒಂದೇ ಒಂದು ಅಭ್ಯಾಸಕ್ಕೆ ಸಮಯವಿದೆ ಎನ್ನುವವರು ಇದನ್ನು ಮಾಡಲಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆಯಿರಿ. ಪ್ರತಿ ದೃಶ್ಯಕ್ಕೂ ಎಷ್ಟು ಪುಟ, ಕತೆಯೊಳಗೆ ಎಷ್ಟು ಕಾಲ ಕಳೆಯಿತು, ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ಶುರುವಿಗೂ ಕೊನೆಗೂ ನಡುವೆ ಏನು ಬದಲಾಯಿತು ಎಂದು ತುಂಬುತ್ತ ಹೋಗಿ.

1886ರಲ್ಲಿ ಪ್ರಕಟವಾದ ಟಾಲ್‌ಸ್ಟಾಯ್‌ನ ‘ಇವಾನ್ ಇಲ್ಯಿಚ್‌ನ ಸಾವು’ ಈ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು. ಹನ್ನೆರಡು ಅಧ್ಯಾಯಗಳ ನೀಳ್ಗತೆ. ನಾಯಕ ಸತ್ತ ಸುದ್ದಿಯನ್ನು ಅವನ ಸಹೋದ್ಯೋಗಿಯೊಬ್ಬ ಪತ್ರಿಕೆಯಲ್ಲಿ ಓದುವುದರಿಂದಲೇ ಶುರು. ಸುದ್ದಿ ಕೇಳಿದವರ ಮನಸ್ಸು ತಕ್ಷಣ ಹೋಗುವುದು ಖಾಲಿಯಾದ ಹುದ್ದೆಯ ಕಡೆಗೆ. ಅಂದರೆ ‘ಸಾಯುತ್ತಾನೋ ಇಲ್ಲವೋ’ ಎಂಬ ಕುತೂಹಲವನ್ನು ಟಾಲ್‌ಸ್ಟಾಯ್ ಮೊದಲ ಅಧ್ಯಾಯದಲ್ಲೇ ಕೈಯಾರೆ ಹೊಸಕಿಹಾಕುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಬಾಲ್ಯ, ಓದು, ನೌಕರಿ, ಮದುವೆ, ಮಕ್ಕಳು ಎಲ್ಲ ಓಡಿಹೋಗುತ್ತವೆ. ಅಲ್ಲಿಂದ ಕಾಲ ನಿಧಾನವಾಗುತ್ತದೆ: ವರ್ಷಗಳು ತಿಂಗಳಾಗಿ, ತಿಂಗಳು ದಿನಗಳಾಗಿ, ಕೊನೆಯ ಅಧ್ಯಾಯದಲ್ಲಿ ಮೂರು ದಿನ, ಅದರೊಳಗೂ ಕೊನೆಯ ಎರಡು ಗಂಟೆ. ಜೊತೆಗೆ ಅಧ್ಯಾಯಗಳೂ ಗಿಡ್ಡವಾಗುತ್ತ ಬರುತ್ತವೆ. ರೋಗಿಗೆ ಜಗತ್ತು ಕುಗ್ಗುವುದನ್ನು ಓದುಗ ಪುಟದ ಅಳತೆಯಲ್ಲೇ ಅನುಭವಿಸುತ್ತಾನೆ.

ಈಗ ಇದೇ ನಾಲ್ಕು ಅಂಕಣಗಳನ್ನು ನಿಮ್ಮ ಹಳೆಯ ಕತೆಯೊಂದಕ್ಕೆ ಎಳೆಯಿರಿ. ಹೊಸಬರ ಕತೆಗಳಲ್ಲಿ ಸಾಮಾನ್ಯವಾಗಿ ಎರಡು ದೋಷ ಕಾಣುತ್ತವೆ. ನಾಯಕ ಎದ್ದು, ಹಲ್ಲುಜ್ಜಿ, ಬಸ್ ಹಿಡಿದು ಹೋಗುವುದಕ್ಕೆ ಮೂರು ಪುಟ, ಅವನು ಗೆಳೆಯನಿಗೆ ಮೋಸ ಮಾಡುವುದಕ್ಕೆ ಅರ್ಧ ಪುಟ. ಇನ್ನೊಂದು, ಎಲ್ಲ ದೃಶ್ಯಗಳೂ ಒಂದೇ ಉದ್ದ. ಎರಡೂ ಕಡೆ ಲೇಖಕ ಕಾಲದ ಬಗ್ಗೆ ತೀರ್ಮಾನವನ್ನೇ ಮಾಡಿಲ್ಲ, ಗಡಿಯಾರ ಓಡಿದಂತೆ ಬರೆದಿದ್ದಾನೆ. ನಾಲ್ಕನೆಯ ಅಂಕಣ ಖಾಲಿ ಉಳಿದ ದೃಶ್ಯವನ್ನು ನಿರ್ದಾಕ್ಷಿಣ್ಯವಾಗಿ ಎರಡು ವಾಕ್ಯಕ್ಕೆ ಇಳಿಸಿ.

ವಿವರ ಆಯುವುದು

1886ರಲ್ಲಿ ರಷ್ಯದ ಕತೆಗಾರ, ನಾಟಕಕಾರ ಚೆಕಾವ್ ತನ್ನ ಅಣ್ಣ ಅಲೆಕ್ಸಾಂಡರನಿಗೆ ಬರೆದ ಪತ್ರದಲ್ಲಿ ಒಂದು ಸಲಹೆ ಬರುತ್ತದೆ. ಬೆಳದಿಂಗಳ ರಾತ್ರಿಯನ್ನು ತೋರಿಸಬೇಕಾದರೆ ಗಿರಣಿಯ ಕಟ್ಟೆಯ ಮೇಲೆ ಒಡೆದ ಬಾಟಲಿಯ ಚೂರೊಂದು ನಕ್ಷತ್ರದಂತೆ ಮಿನುಗಿತು, ನಾಯಿಯದೋ ತೋಳದದೋ ಕರಿಯ ನೆರಳು ಚೆಂಡಿನಂತೆ ಉರುಳಿಹೋಯಿತು ಎಂದು ಬರೆದರೆ ಆಯಿತು ಎನ್ನುತ್ತಾನೆ. ಹತ್ತು ವರ್ಷದ ಮೇಲೆ ‘ಸೀಗಲ್’ ನಾಟಕದಲ್ಲಿ ಟ್ರೆಪ್ಲೆವ್ ಎಂಬ ಯುವ ಲೇಖಕ ತನಗಿಂತ ಹೆಸರಾದ ಟ್ರಿಗೋರಿನ್‌ನ ಬಗ್ಗೆ ಕರುಬುತ್ತ ಇದೇ ಬಾಟಲಿಯ ವಿಷಯ ಎತ್ತುತ್ತಾನೆ: ಅವನಿಗೆ ಒಡೆದ ಬಾಟಲಿಯ ಕುತ್ತಿಗೆಯೊಂದು ಸಾಕು, ಬೆಳದಿಂಗಳ ರಾತ್ರಿ ಸಿದ್ಧ, ನಾನಾದರೋ ನಡುಗುವ ಬೆಳಕು, ನಕ್ಷತ್ರಗಳ ಮಿನುಗು ಎಂದು ಒದ್ದಾಡುತ್ತೇನೆ ಎಂದು. ಚೆಕಾವ್ ತನ್ನ ತಂತ್ರವನ್ನೇ ಗೇಲಿ ಮಾಡಿಕೊಂಡಿರಬಹುದು. ಗಮನಿಸಿ, ಒಳ್ಳೆಯ ವಿವರವೂ ಪದೇ ಪದೇ ಬಳಸಿದರೆ ಚಟವಾಗುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ.

ಅವನ ‘ನಾಯಿಯ ಜೊತೆಗಿನ ಹೆಂಗಸು’ ಕತೆಯ (1899) ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ವಿವಾಹಿತನಾದ ಗುರೋವ್ ಮತ್ತು ವಿವಾಹಿತೆಯಾದ ಅನ್ನಾ ಯಾಲ್ಟಾದ ಹೋಟೆಲ್ ಕೋಣೆಯಲ್ಲಿ ಮೊದಲ ಬಾರಿ ಕೂಡಿದ್ದಾರೆ. ಅನ್ನಾ ಕುಸಿದುಹೋಗಿದ್ದಾಳೆ, ಇನ್ನು ಮೊದಲಿಗೆ ನನ್ನನ್ನು ಹೀನವಾಗಿ ಕಾಣುವವರು ನೀವೇ ಎನ್ನುತ್ತಾಳೆ. ಮೇಜಿನ ಮೇಲೆ ಒಂದು ಕಲ್ಲಂಗಡಿ ಇದೆ. ಗುರೋವ್ ಒಂದು ಹೋಳು ಕತ್ತರಿಸಿಕೊಂಡು ಆತುರವಿಲ್ಲದೆ ತಿನ್ನತೊಡಗುತ್ತಾನೆ. ಅರ್ಧ ಗಂಟೆಯಾದರೂ ಮೌನದಲ್ಲಿ ಕಳೆಯುತ್ತದೆ.

ಇಲ್ಲಿ ಪೆನ್ಸಿಲ್ ಇಟ್ಟು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ‘ಅವನಿಗೆ ಅವಳ ಸಂಕಟ ತಟ್ಟಲಿಲ್ಲ’ ಎಂಬ ವಾಕ್ಯ ಇದೆಯೇ? ಇಲ್ಲ. ಹಣ್ಣಿನ ಬಣ್ಣ, ರುಚಿ? ಅದೂ ಇಲ್ಲ. ಆತುರವಿಲ್ಲದೆ ಎಂಬ ಒಂದೇ ವಿಶೇಷಣ ಇಡೀ ಭಾರ ಹೊತ್ತಿದೆ. ಅವನು ಸಿಗರೇಟು ಹಚ್ಚಿದ್ದರೆ? ಕಿಟಕಿಯ ಬಳಿ ಹೋಗಿ ನಿಂತಿದ್ದರೆ? ಅವೆರಡೂ ಇಂಥ ಹೊತ್ತಿಗೆ ಯಾರಿಗೂ ಹೊಳೆಯುವ ಚಲನೆಗಳು, ಅಷ್ಟೋ ಇಷ್ಟೋ ದುಗುಡವನ್ನು ಸೂಚಿಸಿಬಿಡುತ್ತಿದ್ದವು. ತಿನ್ನುವುದು ಹಾಗಲ್ಲ, ಅದರಲ್ಲಿ ಹಸಿವಿದೆ, ನೆಮ್ಮದಿಯಿದೆ, ಎದುರಿಗಿರುವವಳ ಕಣ್ಣೀರಿಗೆ ಜಾಗವಿಲ್ಲ. ಹೀಗೆ ಲೇಖಕ ಬಿಟ್ಟುಕೊಟ್ಟ ಆಯ್ಕೆಗಳನ್ನು ಊಹಿಸಿ ಬರೆದು, ಆರಿಸಿದ್ದರ ಪಕ್ಕ ಇಟ್ಟು ತೂಗಿ. ಹೊಗಳಿಕೆಯ ಟಿಪ್ಪಣಿಗಿಂತ ಇದು ಹತ್ತು ಪಾಲು ಕಲಿಸುತ್ತದೆ.

ಹೊರಗಿನ ಜಗತ್ತಿನ ಮೇಲೆ ಅಭ್ಯಾಸ ಮಾಡಲು ಫ್ರೆಂಚ್ ಕತೆಗಾರ ಮೊಪಾಸಾ 1888ರಲ್ಲಿ ತನ್ನ ಕಾದಂಬರಿಯೊಂದರ ಮುನ್ನುಡಿಯಲ್ಲಿ ನೆನೆದುಕೊಂಡ ಪಾಠವಿದೆ. ಅವನ ಗುರು, ಕಾದಂಬರಿಕಾರ ಫ್ಲೋಬೇರ್ ಹೇಳಿದ್ದು: ಅಂಗಡಿಯ ಬಾಗಿಲಲ್ಲಿ ಕುಳಿತ ವ್ಯಾಪಾರಿಯನ್ನು ಜಗತ್ತಿನ ಬೇರಾವ ವ್ಯಾಪಾರಿಯೆಂದೂ ನಾನು ತಪ್ಪು ತಿಳಿಯದಂತೆ ಬರೆದು ತೋರಿಸು, ಒಂದು ಗಾಡಿಯ ಕುದುರೆ ಅದರ ಹಿಂದೆ ಮುಂದೆ ಹೋಗುವ ಐವತ್ತು ಕುದುರೆಗಳಿಗಿಂತ ಹೇಗೆ ಬೇರೆ ಎಂದು ಒಂದೇ ಮಾತಿನಲ್ಲಿ ಹೇಳು. ಸರದಿಯಲ್ಲಿ ನಿಂತ ಯಾರನ್ನಾದರೂ ಆರಿಸಿಕೊಂಡು ಪ್ರಯತ್ನಿಸಿ. ಬಟ್ಟೆಯ ಬಣ್ಣದಿಂದ ಶುರುಮಾಡುವ ಚಪಲವನ್ನು ಮಾತ್ರ ತಡೆದುಕೊಳ್ಳಿ.

ಯಾರ ಕಣ್ಣು, ಎಷ್ಟು ಹತ್ತಿರ

‘ಮದಾಂ ಬೊವಾರಿ’ ಕಾದಂಬರಿ ನೀತಿಗೆಟ್ಟದ್ದೆಂಬ ಆರೋಪದ ಮೇಲೆ 1857ರಲ್ಲಿ ಫ್ಲೋಬೇರ್ ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು, ಕೊನೆಗೆ ಖುಲಾಸೆಯಾಯಿತು. ದಾಂಪತ್ಯದ ಗೆರೆ ದಾಟುವ ನಾಯಕಿ ಎಮ್ಮಾಳನ್ನು ಖಂಡಿಸಬಲ್ಲ ಒಂದು ಪಾತ್ರವೂ ಪುಸ್ತಕದಲ್ಲಿಲ್ಲ ಎಂಬುದು ಸರ್ಕಾರಿ ವಕೀಲನ ದೂರುಗಳಲ್ಲಿ ಒಂದು. ಕತೆ ಹೇಳುವವನು ಪಾತ್ರದ ಮನಸ್ಸಿಗೆ ಎಷ್ಟು ಹತ್ತಿರ ಸರಿದಿದ್ದಾನೆಂದರೆ ಮಾತು ಯಾರದು ಎಂದು ಬೇರ್ಪಡಿಸುವುದು ಕಷ್ಟ. ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಇದೇ ಕಸುಬನ್ನು ಅವನಿಗಿಂತ ದಶಕಗಳ ಹಿಂದೆ ನಗುನಗುತ್ತ ಮಾಡಿದ್ದಳು.

ಕನ್ನಡದಲ್ಲಿ ಈ ಸಾಮೀಪ್ಯವನ್ನು ತರುವುದು ಹೇಗೆ ಎಂದು ಒಂದು ಉದಾಹರಣೆಯಲ್ಲಿ ನೋಡಿ. ‘ಸುಮಿತ್ರೆ ಪತ್ರವನ್ನು ಮಡಚಿಟ್ಟಳು. ಅಣ್ಣ ಇನ್ನು ಬರುವುದಿಲ್ಲ ಎಂದು ಅಂದುಕೊಂಡಳು. ಇಷ್ಟು ವರ್ಷ ಕಾದದ್ದು ವ್ಯರ್ಥವಾಯಿತು ಎಂದು ಅವಳಿಗೆ ಅನಿಸಿತು.’ ವಾಕ್ಯಗಳಲ್ಲಿ ತಪ್ಪಿಲ್ಲ, ಆದರೆ ಪ್ರತಿ ಯೋಚನೆಗೂ ಲೇಖಕ ಕಾವಲು ನಿಂತಿದ್ದಾನೆ. ಕಾವಲನ್ನು ತೆಗೆದರೆ: ‘ಸುಮಿತ್ರೆ ಪತ್ರವನ್ನು ಮಡಚಿಟ್ಟಳು. ಅಣ್ಣ ಇನ್ನು ಬರುವುದಿಲ್ಲ. ಬರುವವನಾಗಿದ್ದರೆ ಇಷ್ಟು ಚೆಂದದ ಅಕ್ಷರದಲ್ಲಿ ಬರೆಯುತ್ತಿದ್ದನೇ? ತಾನು ಇಷ್ಟು ವರ್ಷ ಕಾದದ್ದಾದರೂ ಯಾರಿಗಾಗಿ?’ ‘ಎಂದುಕೊಂಡಳು’ ಬಿದ್ದುಹೋದರೂ ‘ತಾನು’ ಎಂಬುದು ಯೋಚನೆ ಅವಳದೇ ಎಂದು ಹೇಳುತ್ತದೆ. ಚಿತ್ತಾಲರ ‘ಶಿಕಾರಿ’ಯಲ್ಲಿ ನಾಗಪ್ಪನ ತಲೆಯೊಳಗೆ ಓದುಗ ಹೇಗೆ ಸಿಕ್ಕಿಬೀಳುತ್ತಾನೆ ಎಂದು ಪುಟಪುಟವಾಗಿ ಗುರುತು ಹಾಕಿ ನೋಡಿ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಮೊದಲೇ ಸಾರಿ, ಗುತ್ತಿ ಎಂಬ ಪಾತ್ರದ ನಾಯಿ ಹುಲಿಯನಿಗೂ ಕತೆಯಲ್ಲಿ ಪಾಲು ಕೊಡುವ ಧೈರ್ಯ ಅದು. ಒಂದೇ ಕಣ್ಣಿಗೆ ಅಂಟಿಕೊಳ್ಳುವುದೂ ಹಲವು ಕಣ್ಣುಗಳಿಗೆ ಹಂಚುವುದೂ ಎರಡೂ ಸರಿ. ಕತೆಯ ನಡುವೆ ಅರಿವಿಲ್ಲದೆ ಜಾರುವುದು ಸರಿಯಲ್ಲ.

ಸಂಭಾಷಣೆಗೆ ಒಂದೇ ಪಾಠ

ಮತ್ತೆ ಅದೇ ಚೆಕಾವ್ ಕತೆ. ಊರಿಗೆ ಮರಳಿದ ಗುರೋವ್ ತಡೆಯಲಾರದೆ, ಇಸ್ಪೀಟು ಆಟದ ಜೊತೆಗಾರನಿಗೆ ಯಾಲ್ಟಾದಲ್ಲಿ ಕಂಡ ಅದ್ಭುತ ಹೆಂಗಸಿನ ಬಗ್ಗೆ ಹೇಳಲು ಬಾಯಿ ತೆರೆಯುತ್ತಾನೆ. ಆತ ಗಾಡಿ ಹತ್ತಿ, ಹಿಂತಿರುಗಿ ಕರೆದು ಹೇಳುವುದು: ನೀವು ಆಗ ಹೇಳಿದ್ದು ಸರಿ, ಮೀನು ಸ್ವಲ್ಪ ವಾಸನೆ ಬರುತ್ತಿತ್ತು. ಮಾತಿಗೆ ಉತ್ತರ ಸಿಗದೆ ಹೋಗುವುದೇ ಇಲ್ಲಿ ಘಟನೆ. ನಿಮ್ಮ ಕತೆಯ ಸಂಭಾಷಣೆ ತೆಗೆದುಕೊಂಡು, ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವ ಪ್ರತಿ ಎರಡನೆಯ ಮಾತನ್ನು ಹೊಡೆದುಹಾಕಿ ನೋಡಿ.

ಮುಚ್ಚಿಟ್ಟು ಮತ್ತೆ ಬರೆಯುವುದು

ಅಮೆರಿಕದ ಮುದ್ರಕ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕತೆಯಲ್ಲಿ ವಿವರಿಸಿರುವ ವಿಧಾನಕ್ಕೆ ಸಾಟಿಯಾದದ್ದು ಇಂದಿಗೂ ಹೆಚ್ಚಿಲ್ಲ. ಹುಡುಗನಾಗಿದ್ದಾಗ ಅವನಿಗೆ ‘ಸ್ಪೆಕ್ಟೇಟರ್’ ಎಂಬ ಇಂಗ್ಲಿಷ್ ಪತ್ರಿಕೆಯ ಬಿಡಿ ಸಂಪುಟವೊಂದು ಸಿಕ್ಕಿತು. ಮೆಚ್ಚಿದ ಪ್ರಬಂಧದ ಒಂದೊಂದು ವಾಕ್ಯದ ಭಾವಕ್ಕೂ ಚಿಕ್ಕ ಸುಳಿವು ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ ಇಡೀ ಪ್ರಬಂಧವನ್ನು ತನ್ನ ಮಾತಿನಲ್ಲಿ ಮತ್ತೆ ಕಟ್ಟುತ್ತಿದ್ದ. ಆಮೇಲೆ ಮೂಲದೊಡನೆ ಹೋಲಿಸಿ ತನ್ನ ತಪ್ಪುಗಳನ್ನು ತಿದ್ದುತ್ತಿದ್ದ. ಶಬ್ದಸಂಪತ್ತು ಸಾಲದೆನಿಸಿದಾಗ ಕತೆಗಳನ್ನು ಪದ್ಯಕ್ಕೆ ತಿರುಗಿಸಿ, ಮರೆತ ಮೇಲೆ ಮತ್ತೆ ಗದ್ಯಕ್ಕೆ ತರುತ್ತಿದ್ದ. ಸುಳಿವುಗಳನ್ನು ಬೇಕೆಂದೇ ಕಲಸಿಟ್ಟು, ವಾರಗಳ ಮೇಲೆ ಸರಿಯಾದ ಕ್ರಮಕ್ಕೆ ಜೋಡಿಸುವುದನ್ನೂ ಮಾಡಿದ.

ಕತೆಗೆ ಇದನ್ನು ಹೀಗೆ ಒಗ್ಗಿಸಿಕೊಳ್ಳಿ. ಒಂದು ಪುಟದ ದೃಶ್ಯ ಆರಿಸಿ. ಏನು ನಡೆಯಿತು, ಯಾರು ಏನು ಬಯಸಿದರು ಎಂದು ಪ್ರತಿ ವಾಕ್ಯಕ್ಕೂ ಮೂರು ನಾಲ್ಕು ಪದದ ಸುಳಿವು ಬರೆಯಿರಿ; ಲೇಖಕನ ಪದಗಳನ್ನು ಸುಳಿವಿಗೆ ಬಳಸಬಾರದು. ಒಂದು ವಾರ ಬಿಟ್ಟು ದೃಶ್ಯವನ್ನು ಬರೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮೊದಲು ಕಣ್ಣಿಗೆ ಬೀಳುವುದು ಉದ್ದದ ವ್ಯತ್ಯಾಸ. ನಿಮ್ಮದು ಬಹುತೇಕ ಉದ್ದವಾಗಿರುತ್ತದೆ. ಹೆಚ್ಚಾದ ವಾಕ್ಯಗಳು ಯಾವ ಕೆಲಸ ಮಾಡುತ್ತಿವೆ ಎಂದು ನೋಡಿ. ಹೆಚ್ಚಿನವು, ಓದುಗನಿಗೆ ಆಗಲೇ ಗೊತ್ತಾದದ್ದನ್ನು ಇನ್ನೊಮ್ಮೆ ಹೇಳುತ್ತಿರುತ್ತವೆ.

ಕನ್ನಡ ಗದ್ಯದ ಲಯಕ್ಕೆ ಕೈಯಲ್ಲಿ ನಕಲು ಮಾಡುವುದೇ ಸರಿ. ಮಾಸ್ತಿಯವರ ಕತೆಯ ಒಂದು ಪ್ಯಾರಾವನ್ನು ಗಟ್ಟಿಯಾಗಿ ಓದುತ್ತ ಬರೆದುಕೊಳ್ಳಿ. ಎದುರಿಗೆ ಕುಳಿತು ಮಾತನಾಡುವವನ ದನಿ, ಗಿಡ್ಡ ವಾಕ್ಯ, ಆತುರವಿಲ್ಲದ ನಿಲುಗಡೆ ಕಿವಿಗೆ ಬೀಳುತ್ತವೆ. ಅದರ ಬೆನ್ನಿಗೇ ಕುವೆಂಪು ಅವರ ಒಂದು ಪ್ಯಾರಾ ಬರೆದುಕೊಂಡರೆ ‘ಹೋಗಿ, ನೋಡಿ, ನಿಂತು’ ಎಂದು ಕ್ರಿಯೆಗಳನ್ನು ಪೋಣಿಸುತ್ತ ಪೂರ್ಣವಿರಾಮವನ್ನು ಮುಂದೂಡುವ ಬಗೆ ಕೈಗೇ ತಿಳಿಯುತ್ತದೆ.

ಅನುಕರಣೆಗೆ ನಾಚಬೇಡಿ

‘ಟ್ರೆಷರ್ ಐಲೆಂಡ್’ ಬರೆದ ಸ್ಟೀವನ್ಸನ್ ತಾನು ಹಲವು ಲೇಖಕರನ್ನು ಕೋತಿಯಂತೆ ಶ್ರದ್ಧೆಯಿಂದ ಅನುಕರಿಸಿ ಕಲಿತೆನೆಂದು 1887ರಲ್ಲಿ ಮುಕ್ತವಾಗಿ ಬರೆದ. ಅವನ ಜೇಬಿನಲ್ಲಿ ಸದಾ ಎರಡು ಪುಸ್ತಕಗಳಿರುತ್ತಿದ್ದವು: ಓದಲು ಒಂದು, ಬರೆಯಲು ಒಂದು. ಆಸ್ಟಿನ್ ಹದಿಹರೆಯದಲ್ಲಿ ಬರೆದದ್ದರಲ್ಲಿ ಬಹುಪಾಲು ಆ ಕಾಲದ ಭಾವುಕ ಕಾದಂಬರಿಗಳ ಅಣಕ. ಅಣಕ ಬರೆಯಬೇಕಾದರೆ ಮೂಲದ ಅಭ್ಯಾಸಗಳನ್ನು ಪಟ್ಟಿ ಮಾಡಲೇಬೇಕು, ಆದ್ದರಿಂದ ವಿಮರ್ಶೆಯ ಪಾಠವೂ ಅದರಲ್ಲೇ ಆಗುತ್ತದೆ. ನಿಯಮ ಒಂದೇ: ವಸ್ತು ನಿಮ್ಮದು, ರೀತಿ ಅವರದು. ನಿಮಗೆ ಗೊತ್ತಿರುವ ಮನೆ, ಕಚೇರಿ, ಜಗಳವನ್ನು ಆರಿಸಿ ಲೇಖಕನ ರೀತಿಯಲ್ಲಿ ಒಂದೆರಡು ಪುಟ ಬರೆಯಿರಿ. ಎಲ್ಲಿ ಆ ರೀತಿ ನಿಮ್ಮ ವಸ್ತುವಿಗೆ ಒಗ್ಗದೆ ಕೀರಲು ದನಿ ಹೊರಡಿಸುತ್ತದೋ ಅಲ್ಲಿ ಗೀಟು ಹಾಕಿ, ಯಾಕೆಂದು ಬರೆದಿಡಿ. ಈ ಪುಟಗಳು ಪ್ರಕಟಣೆಗಲ್ಲ.

ಕೆಲವನ್ನು ಅನುಕರಿಸಬೇಕಾಗಿಯೇ ಇಲ್ಲ. ಕಂತುಕಂತಾಗಿ ಪತ್ರಿಕೆಯಲ್ಲಿ ಬಂದ ಕಾದಂಬರಿಗಳಲ್ಲಿ ಹಿಂದಿನದನ್ನು ನೆನಪಿಸುವ ಪುನರುಕ್ತಿ ಇರುತ್ತದೆ. ಅದು ಆ ಕಾಲದ ಮುದ್ರಣದ ಅಗತ್ಯ. ಅನುಕೂಲಕ್ಕೆ ಒದಗುವ ಕಾಕತಾಳೀಯ, ಲೇಖಕ ನಡುವೆ ಬಂದು ಕೊಡುವ ನೀತಿಬೋಧೆ, ಹೆಣ್ಣಿನ ಬಗ್ಗೆ ಜಾತಿಯ ಬಗ್ಗೆ ಅಂದಿನವರು ಪ್ರಶ್ನಿಸದೆ ಒಪ್ಪಿದ ಮಾತುಗಳು, ಇವಕ್ಕೆ ಶ್ರೇಷ್ಠತೆಯ ರಕ್ಷಣೆ ಕೊಡಬೇಕಿಲ್ಲ. ದೊಡ್ಡ ಲೇಖಕನ ದುರ್ಬಲ ಕತೆಯೊಂದನ್ನೂ ಇದೇ ನಾಲ್ಕು ಅಂಕಣಕ್ಕೆ ಹಾಕಿ ನೋಡಿ; ಎಲ್ಲಿ ಸಡಿಲವಾಯಿತೆಂದು ಗೊತ್ತಾದರೆ ಭಕ್ತಿ ಕಡಿಮೆಯಾಗಿ ಕಲಿಕೆ ಹೆಚ್ಚುತ್ತದೆ.

ಸ್ವಂತ ಕತೆಗೆ ತರುವಾಗ

ಮೊದಲ ಕರಡನ್ನು ಬರೆಯುವಾಗ ಈ ಯಾವುದನ್ನೂ ನೆನೆಯಬೇಡಿ. ನೋಟ್‌ಬುಕ್ ತೆರೆಯುವುದು ತಿದ್ದುವ ಹೊತ್ತಿಗೆ. ಒಂದು ಸುತ್ತಿಗೆ ಒಂದೇ ಪ್ರಶ್ನೆ: ಈ ಸಲ ಕಾಲದ ಹಂಚಿಕೆ ಮಾತ್ರ, ಮುಂದಿನ ಸಲ ದೃಷ್ಟಿಕೋನ ಮಾತ್ರ, ಆಮೇಲೆ ವಿವರಗಳು. ಎಲ್ಲವನ್ನೂ ಒಟ್ಟಿಗೆ ಸರಿಪಡಿಸಹೊರಟರೆ ವಾಕ್ಯ ಉಜ್ಜುವುದರಲ್ಲೇ ದಿನ ಕಳೆದು, ತೆಗೆದುಹಾಕಬೇಕಾಗಿದ್ದ ದೃಶ್ಯ ಹೊಳೆಯುತ್ತ ಉಳಿದುಬಿಡುತ್ತದೆ.

ಲೇಖಕನನ್ನು ಬಿಡುವ ಹೊತ್ತು ಬಂದಿದೆ ಎಂಬುದಕ್ಕೆ ಗುರುತು ಇದು: ಅವನ ನೀವು ಓದಿರದ ಕತೆಯೊಂದನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನ ದೃಶ್ಯ ಎಲ್ಲಿಂದ ಶುರುವಾಗುತ್ತದೆ, ಏನನ್ನು ಹೇಳದೆ ಬಿಡುತ್ತಾನೆ ಎಂದು ಊಹಿಸಿ ಬರೆಯಿರಿ. ಊಹೆ ಹೆಚ್ಚುಕಡಿಮೆ ಸರಿಯಾಗತೊಡಗಿದರೆ ಅವನ ತೀರ್ಮಾನಗಳ ಜಾಡು ನಿಮಗೆ ಸಿಕ್ಕಿದೆ. ಆಗ ಅವನಿಗೆ ತೀರ ವಿರುದ್ಧ ಸ್ವಭಾವದವನನ್ನು ಹಿಡಿಯಿರಿ: ಚೆಕಾವ್‌ನ ಮಿತವಾದ ಮಾತಿನ ಮೇಲೆ ದಾಸ್ತೊಯೆವ್‌ಸ್ಕಿಯ ಉದ್ವೇಗ, ಮಾಸ್ತಿಯವರ ಸಮಾಧಾನದ ಮೇಲೆ ಚಿತ್ತಾಲರ ತಳಮಳ. ಹೊಸ ನೋಟ್‌ಬುಕ್ ಬೇಡ, ಹಳೆಯದರಲ್ಲೇ ಎಡಪುಟ ಖಾಲಿ ಬಿಡುತ್ತ ಬಂದಿದ್ದರೆ ಇಬ್ಬರನ್ನೂ ಎದುರುಬದುರು ಬರೆದುಕೊಳ್ಳಬಹುದು.